ಬೋಧನಾ ತಂತ್ರಾಂಶದ ಆಯ್ಕೆ: ಕೊಳ್ಳುವ ಮುನ್ನ ಹೊರಬರುವ ದಾರಿಯನ್ನು ನೋಡಬೇಕು

ಬೀದರ್ ನಗರದ ಮಹಮೂದ್ ಗವಾನ್ ಮದರಸಾ 1472ರಲ್ಲಿ ನಿರ್ಮಾಣಗೊಂಡಿತು. ಅದನ್ನು ಕಟ್ಟಿಸಿದ ಮಹಮೂದ್ ಗವಾನ್ ಬಹಮನಿ ರಾಜ್ಯದ ಪ್ರಧಾನಮಂತ್ರಿಯಾಗಿದ್ದನೆಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಪರ್ಷಿಯಾದ ಗಿಲಾನ್ ಪ್ರಾಂತದಿಂದ ಆತ ಈ ಊರಿಗೆ ಬಂದದ್ದು ವ್ಯಾಪಾರಿಯಾಗಿ ಎಂಬುದನ್ನು ವರ್ತಕರು ನೆನಪಿನಲ್ಲಿಡುವುದು ಉಚಿತ. ವಿದ್ಯೆಗೆ ಹಣ ತೊಡಗಿಸುವ ಈ ಸಂಪ್ರದಾಯ ಜಿಲ್ಲೆಯಲ್ಲಿ ಇಂದಿಗೂ ಮುಂದುವರಿದಿದೆ. ವರ್ತಕರು ಶಿಕ್ಷಣ ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿದ್ದಾರೆ, ಗಣಕಯಂತ್ರ ತರಬೇತಿ ಕೇಂದ್ರಗಳನ್ನು ನಡೆಸುತ್ತಿದ್ದಾರೆ, ತಮ್ಮ ಕಾರ್ಖಾನೆಗಳಲ್ಲಿ ಕಾರ್ಮಿಕರಿಗೂ ಶಿಶಿಕ್ಷುಗಳಿಗೂ ಕೆಲಸ ಕಲಿಸುತ್ತಿದ್ದಾರೆ.

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ತರಗತಿಗಳು ಮುಚ್ಚಿದಾಗ ಅಂತರಜಾಲದ ಮೂಲಕ ಪಾಠ ಹೇಳುವುದು ಅನಿವಾರ್ಯವಾಯಿತು. ಆಗ ಅವಸರದಲ್ಲಿ ಆಯ್ದ ತಂತ್ರಾಂಶಗಳನ್ನೇ ಅನೇಕ ಸಂಸ್ಥೆಗಳು ಇಂದಿಗೂ ಬಳಸುತ್ತಿವೆ. ಕೆಲವು ಸಂಸ್ಥೆಗಳು ಈಗ ಹೊಸದನ್ನು ಕೊಳ್ಳುವ ಯೋಚನೆಯಲ್ಲಿವೆ. ಇಂತಹ ಖರೀದಿ ಸಾಮಾನ್ಯ ಯಂತ್ರದ ಖರೀದಿಯಂತಲ್ಲ. ಯಂತ್ರ ಕೆಟ್ಟರೆ ನಷ್ಟ ಯಂತ್ರದ ಬೆಲೆಯಷ್ಟೇ. ಬೋಧನಾ ತಂತ್ರಾಂಶ ನಿಂತುಹೋದರೆ ವರ್ಷಗಟ್ಟಲೆ ಸಿದ್ಧಪಡಿಸಿದ ಪಾಠಗಳೂ, ಕಲಿತವರ ಅಂಕಗಳೂ, ಪ್ರಮಾಣಪತ್ರಕ್ಕೆ ಆಧಾರವಾದ ದಾಖಲೆಗಳೂ ಅದರೊಡನೆ ಹೋಗಬಹುದು. ಆದ್ದರಿಂದ ಆಯ್ಕೆಯ ಮಾನದಂಡಗಳನ್ನು ಮೊದಲೇ ತಿಳಿದುಕೊಳ್ಳುವುದು ಹಿತಕರ.

ಎಲ್‌ಎಂಎಸ್ ಎಂದರೇನು?

ಕಲಿಕಾ ನಿರ್ವಹಣಾ ತಂತ್ರಾಂಶವನ್ನು ಸಂಕ್ಷಿಪ್ತವಾಗಿ ಎಲ್‌ಎಂಎಸ್ ಎಂದು ಕರೆಯುತ್ತಾರೆ. ಇದು ಮಾಡುವ ಕೆಲಸಗಳು ಮುಖ್ಯವಾಗಿ ಐದು: ಪಾಠಗಳನ್ನು ಕ್ರಮವಾಗಿ ಜೋಡಿಸಿಡುವುದು, ಕಲಿಯುವವರನ್ನು ನೋಂದಾಯಿಸುವುದು, ಪರೀಕ್ಷೆ ಹಾಗೂ ಮನೆಗೆಲಸಗಳನ್ನು ನಡೆಸುವುದು, ಅಂಕಗಳನ್ನು ದಾಖಲಿಸುವುದು, ಯಾರು ಯಾವ ದಿನ ಏನನ್ನು ಕಲಿತರೆಂಬ ವಿವರವನ್ನು ಕಾಪಾಡುವುದು.

ದೃಶ್ಯ ಕರೆಯ ಮೂಲಕ ತರಗತಿ ನಡೆಸುವ ತಂತ್ರಾಂಶ ಎಲ್‌ಎಂಎಸ್ ಅಲ್ಲ. ಕರೆ ಮುಗಿದ ಮೇಲೆ ಅಲ್ಲಿ ಉಳಿಯುವುದು ಹೆಚ್ಚೆಂದರೆ ಒಂದು ಧ್ವನಿಮುದ್ರಿಕೆ. ವಾಟ್ಸ್‌ಆ್ಯಪ್ ಗುಂಪೂ ಎಲ್‌ಎಂಎಸ್ ಅಲ್ಲ. ಅಲ್ಲಿ ಕಳಿಸಿದ ಪಾಠ ನಾಲ್ಕು ದಿನಗಳಲ್ಲಿ ಶುಭಾಶಯಗಳ ಕೆಳಗೆ ಹೂತುಹೋಗುತ್ತದೆ. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ದೃಶ್ಯ ಕರೆ ಗಿರಾಕಿಯೊಡನೆ ನಡೆಯುವ ಮಾತುಕತೆ, ಎಲ್‌ಎಂಎಸ್ ಖಾತೆ ಕಿರ್ದಿ. ಮಾತು ಮರೆತುಹೋಗಬಹುದು, ಕಿರ್ದಿ ಕಳೆಯಬಾರದು.

ಅಗತ್ಯವನ್ನು ಮೊದಲು ಬರೆದಿಡಬೇಕು

ಮಾರಾಟಗಾರರು ತೋರಿಸುವ ಸೌಲಭ್ಯಗಳ ಪಟ್ಟಿ ಉದ್ದವಾಗಿರುತ್ತದೆ. ಅದನ್ನು ನೋಡುವ ಮೊದಲು ಕೊಳ್ಳುವವರು ತಮ್ಮ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಊರಿನಿಂದ ಊರಿಗೆ, ಉದ್ಯೋಗದಿಂದ ಉದ್ಯೋಗಕ್ಕೆ ಈ ಪಟ್ಟಿ ಬೇರೆಯಾಗುತ್ತದೆ.

ಬೀದರ್ ಬಳಿಯ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧ ಮತ್ತು ರಾಸಾಯನಿಕ ಘಟಕಗಳಿವೆ. ಔಷಧ ತಯಾರಿಕೆಗೆ ಅನ್ವಯಿಸುವ ಪರಿಷ್ಕೃತ ಶೆಡ್ಯೂಲ್ ಎಂ ಕುರಿತ ಅಧಿಸೂಚನೆ 2023ರ ಡಿಸೆಂಬರ್‌ನಲ್ಲಿ ಹೊರಬಿದ್ದಿದೆ. ಅದರ ಪ್ರಕಾರ ಸಿಬ್ಬಂದಿಗೆ ತರಬೇತಿ ನೀಡುವುದರ ಜೊತೆಗೆ ಅದರ ದಾಖಲೆಯನ್ನೂ ಇಡಬೇಕು. ಇಂತಹ ಘಟಕಕ್ಕೆ ಆಕರ್ಷಕ ಚಿತ್ರಗಳಿಗಿಂತ, ಯಾವ ಕಾರ್ಮಿಕ ಯಾವ ದಿನ ಯಾವ ಕಾರ್ಯವಿಧಾನ ಕಲಿತನೆಂಬುದನ್ನು ತಪಾಸಣಾಧಿಕಾರಿಗೆ ತೋರಿಸಬಲ್ಲ, ಬದಲಾವಣೆಯಾದರೆ ಅದರ ಗುರುತನ್ನೂ ಉಳಿಸುವ ದಾಖಲೆ ಮುಖ್ಯ.

ಭಾಲ್ಕಿಯಲ್ಲಿ ಇಂಜಿನಿಯರಿಂಗ್ ಕಾಲೇಜಿನಿಂದ ಹಿಡಿದು ಸಣ್ಣ ಟ್ಯೂಷನ್ ತರಗತಿಗಳವರೆಗೆ ವಿದ್ಯಾಸಂಸ್ಥೆಗಳಿವೆ. ಇಲ್ಲಿ ಪ್ರಶ್ನೆ ಬ್ಯಾಂಕು, ಸಮಯ ನಿಗದಿಯ ಪರೀಕ್ಷೆ, ಪೋಷಕರಿಗೆ ಅಂಕಪಟ್ಟಿ ತಲುಪಿಸುವ ವ್ಯವಸ್ಥೆ ಹೆಚ್ಚು ಉಪಯುಕ್ತ. ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಇಂಜಿನಿಯರಿಂಗ್ ಕಾಲೇಜುಗಳಿಗಾಗಿ ರಾಜ್ಯ ಸರ್ಕಾರವು 2021ರಲ್ಲಿಯೇ ಎಲ್‌ಎಂಎಸ್ ವ್ಯವಸ್ಥೆಯನ್ನು ಆರಂಭಿಸಿತು. ಖಾಸಗಿ ಸಂಸ್ಥೆಗಳು ಮಾತ್ರ ತಮ್ಮ ಆಯ್ಕೆಯನ್ನು ತಾವೇ ಮಾಡಿಕೊಳ್ಳಬೇಕಾಗಿದೆ.

ಔರಾದ್ ತಾಲ್ಲೂಕಿನಲ್ಲಿ ಬೀಜ, ಗೊಬ್ಬರ, ಕೀಟನಾಶಕಗಳ ವರ್ತಕರ ಅಗತ್ಯ ಬೇರೆ. ಕೃಷಿ ಪರಿಕರ ಮಾರಾಟಗಾರರಿಗಾಗಿ ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯು 2003ರಲ್ಲಿ ಡೇಸಿ ಎಂಬ ಡಿಪ್ಲೊಮಾ ಆರಂಭಿಸಿತು. ವಾರಕ್ಕೆ ಒಂದು ದಿನದಂತೆ 48 ವಾರ ನಡೆಯುವ ಈ ಶಿಕ್ಷಣದಲ್ಲಿ ತರಗತಿಯೊಡನೆ ಕ್ಷೇತ್ರ ಭೇಟಿಯೂ ಇದೆ. ಅಂಗಡಿ ಮುಚ್ಚಿ ಪಾಠಕ್ಕೆ ಹೋಗಬೇಕಾದ ವರ್ತಕನಿಗೆ, ಕೇಳಿದ ಪಾಠವನ್ನು ರಾತ್ರಿ ಮೊಬೈಲಿನಲ್ಲಿ ಮತ್ತೊಮ್ಮೆ ನೋಡುವ ಅನುಕೂಲವಿದ್ದರೆ ಪ್ರಯೋಜನವುಂಟು. ಆದರೆ ತೊಗರಿ ಹೊಲದಲ್ಲಿ ರೋಗದ ಲಕ್ಷಣವನ್ನು ಕಣ್ಣಾರೆ ಗುರುತಿಸುವ ಪಾಠವನ್ನು ಮೊಬೈಲ್ ಕಲಿಸಲಾರದು.

ಬಿದರಿ ಕಲೆಯ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ಯುವ ಕ್ರಮ, ಚಿತ್ತಾರದ ವಿನ್ಯಾಸ, ವೆಚ್ಚದ ಲೆಕ್ಕ, ರಫ್ತಿನ ಕಾಗದಪತ್ರ ಇವುಗಳನ್ನು ತಂತ್ರಾಂಶದ ಮೂಲಕ ಕಲಿಸಬಹುದು. ಬೆಳ್ಳಿಯ ತಂತಿಯನ್ನು ಕೂರಿಸುವ ಕೈಯ ಹದವನ್ನೂ, ಕೋಟೆಯ ಮಣ್ಣಿನ ಗುಣವನ್ನು ಪರೀಕ್ಷಿಸುವ ಅನುಭವವನ್ನೂ ಉಸ್ತಾದರ ಎದುರಿನಲ್ಲಿ ಕುಳಿತೇ ಕಲಿಯಬೇಕು. ಏನನ್ನು ತಂತ್ರಾಂಶಕ್ಕೆ ಒಪ್ಪಿಸಬಾರದು ಎಂಬುದನ್ನು ನಿರ್ಧರಿಸುವುದೂ ಆಯ್ಕೆಯ ಒಂದು ಭಾಗವೇ ಆಗಿದೆ.

ಲಭ್ಯವಿರುವ ಮೂರು ಬಗೆಗಳು

ಮೊದಲನೆಯದು ಮುಕ್ತ ತಂತ್ರಾಂಶ. ಇವುಗಳಲ್ಲಿ ಮೂಡಲ್ ಹೆಚ್ಚು ಪ್ರಸಿದ್ಧ. ಆಸ್ಟ್ರೇಲಿಯಾದ ಪರ್ತ್ ನಗರದ ಮಾರ್ಟಿನ್ ಡೂಜಿಯಾಮಸ್ ರೂಪಿಸಿದ ಇದರ ಮೊದಲ ಪೂರ್ಣ ಆವೃತ್ತಿ 2002ರಲ್ಲಿ ಹೊರಬಂದಿತು. ಇದಕ್ಕೆ ಪರವಾನಗಿ ಶುಲ್ಕವಿಲ್ಲ. ಯಾರು ಬೇಕಾದರೂ ತಮ್ಮ ಸರ್ವರ್‌ನಲ್ಲಿ ಸ್ಥಾಪಿಸಿಕೊಳ್ಳಬಹುದು, ಬೇಕಾದಂತೆ ತಿದ್ದಿಕೊಳ್ಳಬಹುದು. ಆದರೆ ಸರ್ವರ್ ಬಾಡಿಗೆ, ಅದನ್ನು ನೋಡಿಕೊಳ್ಳುವ ತಂತ್ರಜ್ಞ, ದಿನನಿತ್ಯದ ಪ್ರತಿ ಉಳಿಕೆ, ಹೊಸ ಆವೃತ್ತಿಯ ಅಳವಡಿಕೆ ಇವೆಲ್ಲ ಸಂಸ್ಥೆಯ ಹೊಣೆ. ವರ್ಷಕ್ಕೆ ಎರಡು ಬಾರಿ ಹೊಸ ಆವೃತ್ತಿ ಬರುತ್ತದೆ. ಭದ್ರತಾ ತಿದ್ದುಪಡಿಗಳನ್ನು ಅಳವಡಿಸದೆ ಬಿಟ್ಟ ತಂತ್ರಾಂಶವು ಬೀಗವಿಲ್ಲದ ಗೋದಾಮಿನಂತೆ.

ಎರಡನೆಯದು ದೊಡ್ಡ ಕಂಪನಿಗಳ ಉಚಿತ ಸೇವೆ. 2014ರಲ್ಲಿ ಆರಂಭವಾದ ಗೂಗಲ್ ಕ್ಲಾಸ್‌ರೂಮ್ ಇದಕ್ಕೆ ಉದಾಹರಣೆ. ಸರ್ವರ್ ಚಿಂತೆಯಿಲ್ಲ, ಶಿಕ್ಷಕರು ಒಂದೇ ದಿನದಲ್ಲಿ ಕಲಿಯಬಹುದು. ಆದರೆ ಶಿಕ್ಷಣ ಸಂಸ್ಥೆಗಳಿಗೆ ದೊರೆಯುವ ಉಚಿತ ವ್ಯವಸ್ಥೆ ಲಾಭಕ್ಕಾಗಿ ನಡೆಯುವ ಕಾರ್ಖಾನೆಗೆ ದೊರೆಯುವುದಿಲ್ಲ. ಉಚಿತದ ನಿಬಂಧನೆಗಳೂ ಬದಲಾಗುತ್ತವೆ. ಶಿಕ್ಷಣ ಸಂಸ್ಥೆಗಳಿಗೆ ಮೊದಲು ಮಿತಿಯಿಲ್ಲದ ಸಂಗ್ರಹ ಸ್ಥಳ ನೀಡಿದ್ದ ಗೂಗಲ್, 2021ರಲ್ಲಿ ಅದಕ್ಕೆ ಪ್ರತಿ ಸಂಸ್ಥೆಗೆ ಒಟ್ಟು 100 ಟೆರಾಬೈಟ್ ಮೂಲ ಮಿತಿಯನ್ನು ಘೋಷಿಸಿತು.

ಮೂರನೆಯದು ಬಾಡಿಗೆಯ ತಂತ್ರಾಂಶ. ತಿಂಗಳಿಗೆ ಅಥವಾ ವರ್ಷಕ್ಕೆ ಇಷ್ಟೆಂದು ತಲಾ ಶುಲ್ಕ ಕೊಟ್ಟು ಬಳಸುವಂತಹದು. ತಂತ್ರಜ್ಞರಿಲ್ಲದ ಸಣ್ಣ ಸಂಸ್ಥೆಗೆ ಇದು ಅನುಕೂಲಕರ. ಇಲ್ಲಿ ಎಚ್ಚರ ಬೇಕಾದುದು ಒಪ್ಪಂದದ ಷರತ್ತುಗಳಲ್ಲಿ.

ನಿಜವಾದ ವೆಚ್ಚದ ಲೆಕ್ಕ

ದರಪಟ್ಟಿಯಲ್ಲಿ ಕಾಣುವ ಬೆಲೆ ಪೂರ್ತಿ ವೆಚ್ಚವಲ್ಲ. ಒಂದು ಕಾಲ್ಪನಿಕ ಉದಾಹರಣೆ ನೋಡಬಹುದು. ಒಂದು ಘಟಕದಲ್ಲಿ 40 ಕಾರ್ಮಿಕರಿದ್ದಾರೆ, ತಲಾ ಶುಲ್ಕ ತಿಂಗಳಿಗೆ ರೂ. 100 ಎಂದು ಭಾವಿಸೋಣ. ವರ್ಷಕ್ಕೆ ರೂ. 48,000, ಮೂರು ವರ್ಷಕ್ಕೆ ರೂ. 1,44,000. ಶೇ. 18ರ ಜಿಎಸ್‌ಟಿ ರೂ. 25,920 ಸೇರಿ ಒಟ್ಟು ರೂ. 1,69,920 ಆಗುತ್ತದೆ.

ಈಗ ಪ್ರತಿ ವರ್ಷ 20 ಮಂದಿ ಕೆಲಸ ಬಿಟ್ಟು 20 ಮಂದಿ ಹೊಸಬರು ಸೇರುತ್ತಾರೆಂದು ಇಟ್ಟುಕೊಳ್ಳೋಣ. ಶುಲ್ಕವನ್ನು ಬಳಸುತ್ತಿರುವವರ ಮೇಲೆ ಎಣಿಸಿದರೆ ಲೆಕ್ಕ ಬದಲಾಗದು. ನೋಂದಾಯಿತ ಹೆಸರುಗಳ ಮೇಲೆ ಎಣಿಸಿದರೆ ಎರಡನೆಯ ವರ್ಷ 60, ಮೂರನೆಯ ವರ್ಷ 80 ಹೆಸರುಗಳಾಗುತ್ತವೆ. ಆಗ ಮೂರು ವರ್ಷದ ಶುಲ್ಕ ರೂ. 2,16,000, ತೆರಿಗೆ ಸೇರಿ ರೂ. 2,54,880. ಒಂದು ಪದದ ಅರ್ಥಭೇದದಿಂದ ರೂ. 84,960 ಹೆಚ್ಚಾಯಿತು. ಬಿಟ್ಟುಹೋದವರ ಹೆಸರನ್ನು ಅಳಿಸಿದರೆ ಶುಲ್ಕ ಉಳಿಯಬಹುದು, ಆದರೆ ಅವರ ತರಬೇತಿಯ ದಾಖಲೆಯೂ ಅಳಿಯುವುದೇ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು.

ತೆರಿಗೆಯ ವಿಷಯದಲ್ಲಿಯೂ ಗಮನ ಅಗತ್ಯ. ಜಿಎಸ್‌ಟಿ ನೋಂದಣಿಯುಳ್ಳ ಉದ್ಯಮವು ವಿದೇಶಿ ಕಂಪನಿಯಿಂದ ನೇರವಾಗಿ ಸೇವೆ ಕೊಂಡರೆ, ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ತೆರಿಗೆಯನ್ನು ತಾನೇ ಕಟ್ಟಿ, ಅರ್ಹತೆಯಿದ್ದರೆ ಅನಂತರ ಇನ್‌ಪುಟ್ ಕ್ರೆಡಿಟ್ ಪಡೆಯಬೇಕು. ಮಾನ್ಯತೆ ಪಡೆದ ಶಾಲಾ ಕಾಲೇಜುಗಳ ಶಿಕ್ಷಣ ಸೇವೆಗೆ ತೆರಿಗೆ ವಿನಾಯಿತಿ ಇರುವುದರಿಂದ ಅವುಗಳಿಗೆ ಈ ಕ್ರೆಡಿಟ್ ದೊರೆಯದು. ಅಂದರೆ ಅವುಗಳ ಪಾಲಿಗೆ ಜಿಎಸ್‌ಟಿ ಪೂರ್ತಿಯಾಗಿ ವೆಚ್ಚವೇ. ಇದರೊಡನೆ ಪಾಠ ಸಿದ್ಧಪಡಿಸುವ ಶಿಕ್ಷಕರ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೆಲವು ಪಾಠಗಳನ್ನು ಹೊಸದಾಗಿ ಮಾಡುವ ಅಗತ್ಯವೇ ಇರಲಾರದು. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ಸ್ವಯಂ ತಾಣದಲ್ಲಿ ಅನೇಕ ವಿಷಯಗಳ ಪಾಠಗಳು ಉಚಿತವಾಗಿ ದೊರೆಯುತ್ತವೆ.

ಭಾಷೆ ಮತ್ತು ಲಿಪಿ

ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಪಾಠ ಹೇಳಿಸಿದರು. ಇದನ್ನು ಜಿಲ್ಲೆಯ ಜನ ಇಂದಿಗೂ ಸ್ಮರಿಸುತ್ತಾರೆ. ತಂತ್ರಾಂಶದ ವಿಷಯದಲ್ಲಿಯೂ ಫಲಕ ಬೇರೆ, ಪಾಠ ಬೇರೆ. ಪರದೆಯ ಗುಂಡಿಗಳ ಮೇಲಿನ ಹೆಸರು ಇಂಗ್ಲಿಷಿನಲ್ಲಿದ್ದರೆ ಹೇಗೋ ನಡೆದೀತು. ಒಳಗಿನ ಪಾಠ, ಪ್ರಶ್ನೆ ಮತ್ತು ಉತ್ತರ ಮಾತ್ರ ಕಲಿಯುವವನ ಭಾಷೆಯಲ್ಲಿ ಸರಿಯಾಗಿ ಮೂಡಲೇಬೇಕು.

ಬೀದರ್ ಜಿಲ್ಲೆಯಲ್ಲಿ ಕನ್ನಡದೊಡನೆ ಉರ್ದು, ಮರಾಠಿ, ತೆಲುಗು, ಹಿಂದಿ ಬಳಕೆಯಲ್ಲಿವೆ. ಔರಾದ್ ಭಾಗದಲ್ಲಿ ಮರಾಠಿ ಮಾತನಾಡುವವರು ಬಹಳ. ಉರ್ದು ಬಲದಿಂದ ಎಡಕ್ಕೆ ಬರೆಯುವ ಲಿಪಿ. ಕನ್ನಡದ ಪುಟದಲ್ಲಿ ಉರ್ದು ಸಾಲು ಬಂದಾಗ ಪ್ರಶ್ನೆಯ ಅಂಕಿಗಳೂ ವಿರಾಮ ಚಿಹ್ನೆಗಳೂ ಸ್ಥಳಪಲ್ಲಟವಾಗದೆ ಉಳಿಯುತ್ತವೆಯೇ ಎಂದು ಪರೀಕ್ಷಿಸಬೇಕು. ಒಂದೇ ಪಾಠವನ್ನು ಎರಡು ಭಾಷೆಗಳಲ್ಲಿಟ್ಟು ಕಲಿಯುವವನೇ ಆರಿಸಿಕೊಳ್ಳುವ ಸೌಲಭ್ಯ ಮೂಡಲ್‌ನಂತಹ ತಂತ್ರಾಂಶಗಳಲ್ಲಿದೆ.

ಕನ್ನಡದ ವಿಷಯದಲ್ಲಿ ಇನ್ನೊಂದು ತೊಡಕುಂಟು. ಹಳೆಯ ಪಾಠಗಳು ಹಲವೆಡೆ ಯೂನಿಕೋಡ್ ಅಲ್ಲದ ನುಡಿ, ಬರಹ, ಶ್ರೀಲಿಪಿ ಅಕ್ಷರಶೈಲಿಗಳಲ್ಲಿವೆ. ಅವುಗಳನ್ನು ಹಾಗೆಯೇ ಅಂತರಜಾಲಕ್ಕೆ ಏರಿಸಿದರೆ ಓದಲಾಗದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒಮ್ಮೆ ಕರಡು ತಿದ್ದಿ, ಅನಂತರ ಏರಿಸಬೇಕು. ಪ್ರಮಾಣಪತ್ರವನ್ನು ಮುದ್ರಿಸಿ ನೋಡುವುದೂ ಅಗತ್ಯ. ಪರದೆಯ ಮೇಲೆ ಸರಿಯಿದ್ದ ಹೆಸರು ಪಿಡಿಎಫ್‌ನಲ್ಲಿ ಒತ್ತಕ್ಷರ ಕಳಚಿ ಬೀಳುವುದುಂಟು. ಹೆಸರು ಕೆಟ್ಟ ಪ್ರಮಾಣಪತ್ರದಿಂದ ಕೆಲಸ ಹುಡುಕುವ ಯುವಕನಿಗೆ ತೊಂದರೆ.

ವಿದ್ಯುತ್, ಸಂಪರ್ಕ, ಮೊಬೈಲ್

ನಗರದ ಕಚೇರಿಯ ಗಣಕಯಂತ್ರದಲ್ಲಿ ಚೆನ್ನಾಗಿ ನಡೆಯುವುದೆಲ್ಲ ಹಳ್ಳಿಯ ಮೊಬೈಲಿನಲ್ಲಿ ನಡೆಯಲಾರದು. ಕಲಿಯುವವರ ಕೈಯಲ್ಲಿರುವುದು ಹೆಚ್ಚಾಗಿ ಕಡಿಮೆ ಬೆಲೆಯ ಮೊಬೈಲ್, ಅದೂ ಮನೆಯಲ್ಲಿ ಇಬ್ಬರು ಮೂವರಿಗೆ ಒಂದೇ ಇರಬಹುದು. ಆದ್ದರಿಂದ ಪಾಠವನ್ನು ಸಂಪರ್ಕವಿರುವಾಗ ಇಳಿಸಿಕೊಂಡು ಸಂಪರ್ಕವಿಲ್ಲದಾಗ ಓದಲು ಸಾಧ್ಯವೇ, ಪರೀಕ್ಷೆಯ ನಡುವೆ ಸಂಪರ್ಕ ಕಡಿದರೆ ಅದುವರೆಗಿನ ಉತ್ತರ ಉಳಿಯುತ್ತದೆಯೇ, ಒಂದೇ ಮೊಬೈಲಿನಲ್ಲಿ ಅಣ್ಣ ತಂಗಿ ಇಬ್ಬರೂ ಬೇರೆ ಬೇರೆ ಖಾತೆ ಬಳಸಬಹುದೇ ಎಂಬ ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಮೂಡಲ್‌ನ ಮೊಬೈಲ್ ಆ್ಯಪ್‌ನಲ್ಲಿ ಪಾಠ ಇಳಿಸಿಕೊಳ್ಳುವ ಸೌಲಭ್ಯವಿದೆ. ಶಿಕ್ಷಕರು ಅನುಮತಿಸಿದ ಪರೀಕ್ಷೆಗಳನ್ನೂ ಸಂಪರ್ಕವಿಲ್ಲದೆ ಬರೆಯಬಹುದು.

ಅರ್ಧ ಗಂಟೆಯ ವೀಡಿಯೊಗಿಂತ ಐದು ನಿಮಿಷದ ಆರು ತುಣುಕುಗಳು, ಅದಕ್ಕೂ ಮಿಗಿಲಾಗಿ ಚಿತ್ರದೊಡನೆ ಒಂದು ಪುಟದ ಬರಹ ನಮ್ಮ ಪರಿಸ್ಥಿತಿಗೆ ಹೊಂದುತ್ತದೆ.

ಹೊರಬರುವ ದಾರಿ

ಮಳಿಗೆ ಬಾಡಿಗೆಗೆ ಹಿಡಿಯುವ ವರ್ತಕನು ಬಾಡಿಗೆಯೊಂದನ್ನೇ ಕೇಳುವುದಿಲ್ಲ. ಮುಂಗಡ ಎಂದು ಹಿಂತಿರುಗುತ್ತದೆ, ಬಿಡುವಾಗ ತಾನು ಹಾಕಿಸಿದ ಕಪಾಟುಗಳನ್ನು ಒಯ್ಯಬಹುದೇ, ಮಾಲೀಕ ಎಷ್ಟು ದಿನದ ಸೂಚನೆ ಕೊಡಬೇಕು ಎಂದು ಕರಾರಿನಲ್ಲಿ ಬರೆಸಿಕೊಳ್ಳುತ್ತಾನೆ. ತಂತ್ರಾಂಶ ಕೊಳ್ಳುವಾಗ ಇದೇ ವಿವೇಕವನ್ನು ಬಹುಮಂದಿ ಮರೆಯುತ್ತಾರೆ.

2008ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಎಡ್ಮೋಡೊ ಎಂಬ ಬೋಧನಾ ತಾಣವನ್ನು ಜಗತ್ತಿನಾದ್ಯಂತ ಶಿಕ್ಷಕರು ಉಚಿತವಾಗಿ ಬಳಸುತ್ತಿದ್ದರು. 2018ರಲ್ಲಿ ಅದು ಚೀನಾದ ನೆಟ್‌ಡ್ರ್ಯಾಗನ್ ಕಂಪನಿಯ ಪಾಲಾಯಿತು. 2022ರ ಸೆಪ್ಟೆಂಬರ್ 22ರಂದು ತಾಣ ಮುಚ್ಚಿತು. ಪಾಠಗಳ ಮೂಲ ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಂಡಿದ್ದವರು ಬೇರೆಡೆಗೆ ಹೋದರು. ಇಟ್ಟುಕೊಳ್ಳದವರಿಗೆ ಮುಚ್ಚುವ ಮುನ್ನ ಇಳಿಸಿಕೊಳ್ಳುವುದೊಂದೇ ಮಾರ್ಗವಾಯಿತು. ಜನಪ್ರಿಯತೆ ಬಾಳಿಕೆಗೆ ಖಾತರಿಯಲ್ಲ ಎಂಬುದಕ್ಕೆ ಇದು ಸಾಕ್ಷಿ.

ಪಾಠಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಲು ಸ್ಕಾರ್ಮ್ ಎಂಬ ಮಾನಕವಿದೆ. ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಸಿದ್ಧವಾದ ಇದರ 1.2ನೆಯ ಆವೃತ್ತಿ 2001ರಲ್ಲಿ ಬಂದಿದ್ದು ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿದೆ. ಸರಕಿಗೆ ಕಂಟೇನರ್ ಹೇಗೋ ಪಾಠಕ್ಕೆ ಸ್ಕಾರ್ಮ್ ಹಾಗೆ. ಆದರೆ ಸ್ಕಾರ್ಮ್ ಪಾಠವನ್ನು ಮಾತ್ರ ಹೊರುತ್ತದೆ, ಕಲಿತವರ ಹಳೆಯ ಅಂಕಗಳನ್ನಲ್ಲ. ಅಂಕ ಮತ್ತು ಹಾಜರಾತಿಯನ್ನು ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸಿಎಸ್‌ವಿ ಕಡತವಾಗಿ ಪ್ರತಿ ತಿಂಗಳೂ ಇಳಿಸಿಟ್ಟುಕೊಳ್ಳುವುದು ಲೇಸು.

ಒಪ್ಪಂದದಲ್ಲಿ ಈ ಅಂಶಗಳು ಬರವಣಿಗೆಯಲ್ಲಿರಬೇಕು:

1. ಪಾಠ ಮತ್ತು ದಾಖಲೆಗಳ ಒಡೆತನ ಕೊಳ್ಳುವ ಸಂಸ್ಥೆಯದೇ ಎಂಬುದು.
2. ಅವುಗಳನ್ನು ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ, ಯಾವ ಶುಲ್ಕಕ್ಕೆ ಹಿಂತಿರುಗಿಸಲಾಗುವುದು ಎಂಬುದು.
3. ಸೇವೆ ನಿಲ್ಲಿಸುವ ಮುನ್ನ ಎಷ್ಟು ದಿನದ ಸೂಚನೆ ಎಂಬುದು. ಶಾಲೆಗಳ ಮಟ್ಟಿಗೆ ಶೈಕ್ಷಣಿಕ ವರ್ಷದ ನಡುವೆ ನಿಲ್ಲಿಸಬಾರದೆಂಬ ಷರತ್ತು ಇರಬೇಕು.
4. ನವೀಕರಣದ ವೇಳೆ ದರ ಎಷ್ಟರವರೆಗೆ ಏರಬಹುದು ಎಂಬ ಮಿತಿ.
5. ಅಂತರಜಾಲ ವಿಳಾಸ ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಿರುವುದು ಮತ್ತು ಮುಖ್ಯ ಆಡಳಿತ ಖಾತೆಯ ಗುಪ್ತಪದ ಸಂಸ್ಥೆಯ ವಶದಲ್ಲಿರುವುದು.
6. ದೂರು ಸ್ವೀಕರಿಸುವ ವೇಳೆ ಮತ್ತು ಭಾಷೆ.

ಐದನೆಯ ಅಂಶ ಚಿಕ್ಕದೆಂದು ತೋರಬಹುದು. ತಂತ್ರಾಂಶ ಹಾಕಿಕೊಟ್ಟವನ ಹೆಸರಿನಲ್ಲಿಯೇ ವಿಳಾಸವಿದ್ದರೆ, ಅವನೊಡನೆ ವ್ಯವಹಾರ ಕೆಟ್ಟ ದಿನ ಸಂಸ್ಥೆಯ ಬಾಗಿಲೇ ಬೇರೆಯವರ ಕೈಯಲ್ಲಿರುತ್ತದೆ.

ಕಾನೂನಿನ ಹೊಣೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು ಹಂತಹಂತವಾಗಿ ಜಾರಿಗೆ ಬರುವಂತಿವೆ. 18 ವರ್ಷ ತುಂಬದವರ ವೈಯಕ್ತಿಕ ಮಾಹಿತಿ ಬಳಸಲು ಪೋಷಕರ ಒಪ್ಪಿಗೆಯನ್ನು ಪರಿಶೀಲಿಸಿ ಪಡೆಯುವುದು ಸಾಮಾನ್ಯ ನಿಯಮ. ಮಾಹಿತಿಯನ್ನು ಬೇರೊಂದು ಕಂಪನಿಯ ತಂತ್ರಾಂಶದಲ್ಲಿ ಇರಿಸಿದ್ದರೂ ಹೊಣೆ ಅದನ್ನು ಸಂಗ್ರಹಿಸಿದ ಸಂಸ್ಥೆಯದೇ. ಆದ್ದರಿಂದ ಪಾಠಕ್ಕೆ ಬೇಡವಾದ ಮಾಹಿತಿಯನ್ನು, ಉದಾಹರಣೆಗೆ ಆಧಾರ್ ಸಂಖ್ಯೆಯನ್ನು, ಕೇಳದಿರುವುದೇ ಸುಲಭವಾದ ರಕ್ಷಣೆ.

ಪರೀಕ್ಷಿಸುವ ಕ್ರಮ

ಮಾರಾಟಗಾರರ ಪ್ರದರ್ಶನವನ್ನು ನೋಡಿ ನಿರ್ಧರಿಸುವುದು ಸರಿಯಲ್ಲ. ಎರಡು ಅಥವಾ ಮೂರು ತಂತ್ರಾಂಶಗಳನ್ನು ಆರಿಸಿ, ಒಂದು ತಿಂಗಳ ಪ್ರಾಯೋಗಿಕ ಅವಧಿ ಪಡೆದು, ತಮ್ಮದೇ ಒಂದು ಪಾಠವನ್ನು ಅವುಗಳಲ್ಲಿ ಏರಿಸಬೇಕು. ಬೀದರ್‌ನ ಕಾರ್ಖಾನೆಯ ಒಬ್ಬ ಮೇಸ್ತ್ರಿ, ಭಾಲ್ಕಿಯ ಒಬ್ಬ ಶಿಕ್ಷಕಿ, ಔರಾದ್ ಬಳಿಯ ಹಳ್ಳಿಯ ಒಬ್ಬ ವಿದ್ಯಾರ್ಥಿ ತಮ್ಮ ತಮ್ಮ ಮೊಬೈಲಿನಲ್ಲಿ, ಯಾರ ಸಹಾಯವಿಲ್ಲದೆ, ಪಾಠ ಓದಿ ಪರೀಕ್ಷೆ ಬರೆಯಲು ಸಾಧ್ಯವಾದರೆ ತಂತ್ರಾಂಶ ಅರ್ಧ ತೇರ್ಗಡೆಯಾದಂತೆ. ಕೊನೆಯ ವಾರ ಆ ಪಾಠವನ್ನೂ ಅಂಕಗಳನ್ನೂ ಹೊರತೆಗೆದು ಬೇರೊಂದು ತಂತ್ರಾಂಶದಲ್ಲಿ ತೆರೆದು ನೋಡಬೇಕು. ತೆರೆದುಕೊಂಡರೆ ಉಳಿದರ್ಧವೂ ತೇರ್ಗಡೆ. ಮೊದಲ ಒಪ್ಪಂದ ಒಂದು ವರ್ಷಕ್ಕೆ ಮೀರದಿರಲಿ. ಹೆಚ್ಚಿನ ರಿಯಾಯಿತಿಯ ಆಸೆಗೆ ಮೂರು ವರ್ಷದ ಹಣವನ್ನು ಮುಂಗಡವಾಗಿ ಕಟ್ಟುವುದು ತರವಲ್ಲ.

ಒಂಟಿಯಾಗಿ ಸರ್ವರ್ ನಡೆಸಲಾಗದ ನಾಲ್ಕಾರು ಸಣ್ಣ ಸಂಸ್ಥೆಗಳು ಕೂಡಿ ಒಂದೇ ಮುಕ್ತ ತಂತ್ರಾಂಶವನ್ನು ಸ್ಥಾಪಿಸಿ, ಒಬ್ಬ ತಂತ್ರಜ್ಞನ ವೆಚ್ಚವನ್ನು ಹಂಚಿಕೊಳ್ಳಬಹುದು. ಸಕ್ಕರೆ ಕಾರ್ಖಾನೆಗಳನ್ನೂ ಸಹಕಾರಿ ಸಂಘಗಳನ್ನೂ ಕಟ್ಟಿ ನಡೆಸಿದ ಜಿಲ್ಲೆಗೆ ಕೂಡಿ ಮಾಡುವ ಕೆಲಸ ಹೊಸದೇನಲ್ಲ.

ಒಬ್ಬ ಕಾರ್ಮಿಕ ಐದು ವರ್ಷದ ಹಿಂದೆ ಪಡೆದ ತರಬೇತಿಯ ಪ್ರಮಾಣವನ್ನು ಕೇಳಿಕೊಂಡು ಬಂದಾಗ ಅದನ್ನು ತೆಗೆದುಕೊಡಲು ಸಂಸ್ಥೆಗೆ ಸಾಧ್ಯವಾಗಬೇಕು. ಅವನ ಮುಂದಿನ ಕೆಲಸ ಆ ಒಂದು ಹಾಳೆಯ ಮೇಲೆ ನಿಂತಿರಬಹುದು. ತಂತ್ರಾಂಶದ ಹೆಸರು ಅಷ್ಟರೊಳಗೆ ಎರಡು ಬಾರಿ ಬದಲಾಗಿದ್ದರೂ ದಾಖಲೆ ಸಂಸ್ಥೆಯ ಕೈಯಲ್ಲಿಯೇ ಉಳಿದಿದ್ದರೆ, ಆಯ್ಕೆ ಸರಿಯಾಗಿತ್ತು ಎಂದು ತಿಳಿಯಬಹುದು.